ಗ್ಲೌಸಮ್ಮನ ಕೈ

"ಬೆರಳು ಒಳಕ್ಕೆ ಹೋಗ್ತಾನೇ ಇಲ್ಲ ಕಣೇ, ಒಂಚೂರು ಪೌಡರ್ ತಾ," ಎಂದರು ಅತ್ತೆ.

ಮಗಳು ಪೌಡರ್ ತರಲಿಲ್ಲ. ಮುಂದಿನ ಕೋಣೆಯ ಮಂಚದ ಮೇಲೆ ಮಲಗಿಸಿದ್ದ ಅಮ್ಮನ ಬಲಗೈಯನ್ನು ಅತ್ತೆ ತಮ್ಮ ಮಡಿಲಿಗೆ ಎಳೆದುಕೊಂಡು, ಬಿಳಿ ಹತ್ತಿಯ ಕೈಗವಸಿನೊಳಗೆ ಒಂದೊಂದೇ ಬೆರಳನ್ನು ತುರುಕುತ್ತಿದ್ದರು. ಎಡಗೈಗೆ ಆಗಲೇ ಹಾಕಿ ಆಗಿತ್ತು. ಅಷ್ಟು ಹೊತ್ತೂ ಅವರ ಮುಖ ಕಿಟಕಿಯ ಕಡೆಗಿತ್ತು. ತಮ್ಮನ ಹೆಂಡತಿಯ ಕೈ ಕಂಡರೆ ಮುಖ ತಿರುಗಿಸುವುದು ಅವರ ನಲವತ್ತು ವರ್ಷದ ಅಭ್ಯಾಸ. ಸತ್ತಳೆಂದ ಮಾತ್ರಕ್ಕೆ ಬಿಟ್ಟುಹೋಗುವಂಥದ್ದಲ್ಲ.

"ಬೇಡ ಅಂದ್ನಲ್ಲ ಅತ್ತೆ. ಬಿಚ್ಚಿ ಅದನ್ನ."

"ಏನು ಬಿಚ್ಚೋದು? ನಾಲ್ಕು ಜನ ಬರೋ ಹೊತ್ತು. ಬಂದವರು ಒಂದು ಗಳಿಗೆ ಹತ್ರ ಕೂರಬೇಕೋ ಬೇಡ್ವೋ?"

"ಅಮ್ಮನ ಕೈ ವಾಸಿಯಾಗಿದೆ. ಬೇಕಾದ್ರೆ ಒಂದ್ಸಲ ನೋಡಿ."

"ನೋಡಿದ್ದೀನಿ ಬಿಡು, ನಲವತ್ತು ವರ್ಷ ನೋಡಿದ್ದೀನಿ," ಎಂದರು ಅತ್ತೆ, ಕಿಟಕಿಯನ್ನೇ ನೋಡುತ್ತ.

ಮಗಳು ಅಪ್ಪನತ್ತ ತಿರುಗಿದಳು. ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಫೋಟೋಗಳಿಗೆ ಫ್ರೇಮು ಕಟ್ಟುವುದು ಅವರ ಕಸುಬು. ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ತೊಡೆಯ ಮೇಲಿಟ್ಟುಕೊಳ್ಳುವುದು ಅವರ ರೂಢಿ. ಇವತ್ತೂ ಹಾಗೆಯೇ ಇಟ್ಟುಕೊಂಡಿದ್ದರು.

"ಅಪ್ಪ, ನೀನಾದ್ರೂ ಹೇಳು."

"ಹಾಕ್ಲಿ ಬಿಡಮ್ಮ," ಎಂದರು ಅಪ್ಪ. "ಅವಳಿಗೂ ಅದೇ ಅಭ್ಯಾಸ."

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಬೀದಿಯ ಜನ ಒಳಗೆ ಬಂದರು. ಅತ್ತೆ ಹಿಡಿದ ಹಟ ಬಿಡದೆ ಕೊನೆಯ ಬೆರಳನ್ನೂ ಒಳಗೆ ತಳ್ಳಿ, ಬಿಳಿ ಕೈಗಳೆರಡನ್ನೂ ಹೊಟ್ಟೆಯ ಮೇಲೆ ಜೋಡಿಸಿದರು. ಈಗ ಎಲ್ಲರಿಗೂ ಗುರುತು ಸಿಗುವಂತಾಯಿತು. ಆ ಬೀದಿಯಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಹಾಲಿನವನಿಂದ ಹಿಡಿದು ಪೋಸ್ಟ್‌ಮನ್‌ವರೆಗೆ ಎಲ್ಲರ ಬಾಯಲ್ಲೂ ಅವಳು ಗ್ಲೌಸಮ್ಮ.

"ಹೋಗಿ ಟೀಗಿಡು," ಎಂದು ಅತ್ತೆ ಮಗಳಿಗೆ ಪಿಸುಗುಟ್ಟಿದರು. "ಗಾಡಿ ಬರೋದು ಮೂರು ಗಂಟೆಗೆ. ಅಲ್ಲೀವರೆಗೂ ಬರ್ತಾನೇ ಇರ್ತಾರೆ."

ಮಗಳು ಬಸ್ ಕಂಡಕ್ಟರ್. ಎಂಬತ್ತು ಜನ ತುಂಬಿದ ಬಸ್ಸಿನಲ್ಲಿ ಕುಡಿದವನನ್ನು ಕತ್ತಿನಪಟ್ಟಿ ಹಿಡಿದು ಇಳಿಸಿದವಳು. ಆದರೆ ಹೆಣದ ಮುಂದೆ ಜನ ಕೂತು ಮೂಗು ಒರೆಸಿಕೊಳ್ಳುತ್ತಿರುವಾಗ ಅತ್ತೆಯ ಜೊತೆ ಜಗ್ಗಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ಅಮ್ಮನಿಗೆ ಕೊಟ್ಟ ಮಾತನ್ನು ಮಾತ್ರ ಮರೆತಿರಲಿಲ್ಲ.

* * *

ಆಸ್ಪತ್ರೆಯಲ್ಲಿ ಅಮ್ಮ ಮಲಗಿದ್ದು ಐದು ವಾರ ಎರಡು ದಿನ. ಎದೆಯ ರೋಗ. ಎದ್ದು ಕೂರಲೂ ಬಿಡುತ್ತಿರಲಿಲ್ಲ. ಮೈ ಒರೆಸುವುದರಿಂದ ಹಿಡಿದು ಊಟದ ತಟ್ಟೆ ತೆಗೆಯುವವರೆಗೆ ಎಲ್ಲವನ್ನೂ ಬೇರೆಯವರು ಮಾಡುತ್ತಿದ್ದರು. ಮೊದಲ ವಾರ ಅಮ್ಮನಿಗೆ ಅದೇ ದೊಡ್ಡ ಕಾಯಿಲೆಯಾಗಿತ್ತು. "ಆ ತಟ್ಟೆ ಇಲ್ಲಿ ಕೊಡಮ್ಮ, ನಾನೇ ಒಂದು ಕೈ ತೊಳ್ದುಬಿಡ್ತೀನಿ," ಎಂದು ಆಯಾಗಳಿಗೆ ಗಂಟುಬಿದ್ದು ಬೈಸಿಕೊಂಡಿದ್ದಳು.

ನಾಲ್ಕನೇ ವಾರದ ಒಂದು ಬೆಳಗ್ಗೆ ಮಗಳು ಡ್ಯೂಟಿ ಮುಗಿಸಿ, ಹೆಗಲಲ್ಲಿ ಟಿಕೆಟ್ ಚೀಲ ಹಾಗೇ ಇರುವಾಗ ವಾರ್ಡಿಗೆ ಹೋದಳು. ಅಮ್ಮ ಎರಡೂ ಕೈಗಳನ್ನು ಮುಖದ ಮುಂದೆ ಎತ್ತಿ ಹಿಡಿದು ನೋಡುತ್ತ ಮಲಗಿದ್ದಳು.

"ಯಾರದೇ ಈ ಕೈ?"

ಮಗಳು ನೋಡಿದಳು. ಬೆರಳ ಸಂದುಗಳಲ್ಲಿ ಬಿರುಕಿರಲಿಲ್ಲ. ಗೆಣ್ಣುಗಳ ಮೇಲೆ ಸದಾ ಇರುತ್ತಿದ್ದ ಕೆಂಪು ಹೆಕ್ಕಳೆ ಉದುರಿ, ಕೆಳಗಿನಿಂದ ತೆಳ್ಳನೆಯ ಹೊಸ ಚರ್ಮ ಬಂದಿತ್ತು. ಅವಳಿಗೆ ಬುದ್ಧಿ ಬಂದಾಗಿನಿಂದ ಅಮ್ಮನ ಅಂಗೈಯಲ್ಲಿ ರೇಖೆಗಳೇ ಕಂಡಿರಲಿಲ್ಲ, ಕಂಡಿದ್ದೆಲ್ಲ ಸೀಳು. ಈಗ ಅಲ್ಲಿ ಎಲ್ಲರ ಅಂಗೈಯಲ್ಲಿರುವ ಹಾಗೆ ಮೂರು ಗೆರೆ.

"ಯಾವ ಮುಲಾಮು ಹಚ್ಚಿದ್ರಮ್ಮ?"

"ಯಾವುದೂ ಇಲ್ಲ. ಎದೆಗೆ ಔಷಧಿ ಕೊಡೋದೇ ಸಾಕಾಗಿದೆ ಅವರಿಗೆ." ಅಮ್ಮ ಕೈಯನ್ನು ತಿರುಗಿಸಿ ಉಗುರಿನ ಬುಡ ನೋಡಿಕೊಂಡಳು. ಒಂದು ಬೆರಳಿನಿಂದ ಇನ್ನೊಂದು ಅಂಗೈಯನ್ನು ಸವರಿ ನಕ್ಕಳು. "ನಯ ಇದೆ ಕಣೇ. ಬೇರೆ ಯಾರದೋ ಕೈ ಮುಟ್ಟಿದ ಹಾಗೆ ನಾಚಿಕೆಯಾಗುತ್ತೆ."

"ಇನ್ಮೇಲೆ ಹೀಗೇ ಇರುತ್ತೆ ಬಿಡು."

"ಎಲ್ಲಿ ಇರುತ್ತೆ? ಮನೆಗೆ ಹೋದ ಎಂಟು ದಿನಕ್ಕೆ ಮತ್ತೆ ಅದೇ ಕತೆ." ಅದನ್ನು ಅವಳು ಬೇಸರದಿಂದ ಹೇಳಲಿಲ್ಲ. ನಾಳೆ ಸೋಮವಾರ ಎನ್ನುವಂತೆ ಹೇಳಿದಳು. "ಅಷ್ಟರೊಳಗೆ ಇಸ್ತ್ರಿಯವಳಿಗೆ ತೋರಿಸಿಬಿಡಬೇಕು. ನಂಬೋದೇ ಇಲ್ಲ ಅವಳು. ಮರೆತುಬಿಟ್ರೆ ನೀನು ನೆನಪು ಮಾಡು, ಆಯ್ತಾ? ಬೀದೀಲಿ ಎಲ್ರಿಗೂ ಒಂದ್ಸಲ ತೋರಿಸ್ಬೇಕು, ಇದು ಮತ್ತೆ ಹಾಳಾಗೋದ್ರೊಳಗೆ."

"ಆಯ್ತಮ್ಮ. ನಾನೇ ಕೈ ಹಿಡ್ಕೊಂಡು ಬೀದಿ ಪೂರ್ತಿ ಕರ್ಕೊಂಡು ಹೋಗ್ತೀನಿ. ಟಿಕೆಟ್ ಇಟ್ಟು ತೋರಿಸೋಣ."

ಅಮ್ಮ ಕೆಮ್ಮು ಬರುವಷ್ಟು ನಕ್ಕಳು. ಅದಾಗಿ ಹತ್ತು ದಿನಕ್ಕೆ ತೀರಿಕೊಂಡಳು.

* * *

ಹನ್ನೊಂದು ಗಂಟೆಯ ಹೊತ್ತಿಗೆ ಸಿಂಕಿನಲ್ಲಿ ಲೋಟಗಳ ರಾಶಿ ಬಿದ್ದಿತ್ತು. ಬಂದವರು ಟೀ ಕುಡಿಯುತ್ತಿದ್ದರು, ಪುಣ್ಯಾತ್ಮೆ ಎನ್ನುತ್ತಿದ್ದರು, ಲೋಟ ತಂದು ಸಿಂಕಿನಲ್ಲಿಟ್ಟು ಹೋಗುತ್ತಿದ್ದರು. ಇಟ್ಟರೆ ಲೋಟಕ್ಕೆ ಕಾಲು ಬಂದು ತಾನೇ ತೊಳೆದುಕೊಂಡು ಕಪಾಟು ಸೇರುತ್ತದೆ ಎಂಬ ನಂಬಿಕೆ ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು.

ಇಸ್ತ್ರಿ ಅಂಗಡಿಯಾಕೆ ಬಂದವಳು ನೇರವಾಗಿ ಅಡುಗೆಮನೆಗೇ ಬಂದಳು. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

"ನಿಮ್ಮಮ್ಮಂದು ನಾಲ್ಕು ಜೊತೆ ನನ್ನತ್ರಾನೇ ಉಳ್ಕೊಂಡಿತ್ತು," ಎಂದಳು. ಒಳಗೆ ಹತ್ತಿಯ ಕೈಗವಸುಗಳು, ಒಂದೊಂದು ಬೆರಳಿಗೂ ಇಸ್ತ್ರಿ ಹಾಕಿ ಮಡಚಿದ್ದವು. "ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಕೊಟ್ಟಿದ್ಲು. ಬೆರಳಿಗೆ ಇಸ್ತ್ರಿ ಹಾಕೋ ಕೆಲಸ ಊರಲ್ಲಿ ಇನ್ಯಾರು ತರ್ತಾರೆ ನಂಗೆ? ಅಂಗಿ ಕಾಲರಿಗಿಂತ ಕಷ್ಟ ಅದು. ಬೈಕೊಂಡೇ ಹಾಕ್ತಿದ್ದೆ. 'ಅಲ್ಲಾ ಕಣೇ ಗ್ಲೌಸಮ್ಮ, ಒಳಗೆ ಹಾಕ್ಕೊಳ್ಳೋ ಗ್ಲೌಸಿಗೆ ಇಸ್ತ್ರಿ ಯಾಕೆ, ಯಾರು ನೋಡ್ತಾರೆ?' ಅಂದ್ರೆ, 'ಸುಕ್ಕಿದ್ರೆ ಗಾಯಕ್ಕೆ ಒತ್ತುತ್ತೆ' ಅಂತಿದ್ಲು." ಅವಳು ಕಣ್ಣೊರೆಸಿಕೊಂಡಳು. "ಅಲ್ಲಿ ಮಲಗಿದ್ರೂ ಹಾಕ್ಕೊಂಡೇ ಮಲಗಿದ್ದಾಳಲ್ಲ, ನಮ್ಮವ್ವ."

"ಅದು ಅಮ್ಮ ಹಾಕ್ಕೊಂಡಿದ್ದಲ್ಲ. ಅತ್ತೆ ಹಾಕಿದ್ದು," ಎಂದಳು ಮಗಳು. "ನಿಮಗೊಂದು ತೋರಿಸೋದಿದೆ. ಸ್ವಲ್ಪ ಹೊತ್ತು ಹೋಗ್ಬೇಡಿ."

ಅತ್ತೆ ಒಳಗೆ ಬಂದರು. ಸಿಂಕು ನೋಡಿ, ಪಕ್ಕದ ಕೊಕ್ಕೆಗೆ ನೇತುಹಾಕಿದ್ದ ಅಮ್ಮನ ನೀಲಿ ರಬ್ಬರ್ ಕೈಗವಸನ್ನು ತೆಗೆದು ಮಗಳ ಮುಂದೆ ಹಿಡಿದರು.

"ಹಾಕ್ಕೋ. ನಿನ್ನಮ್ಮಂದು ನಿಂಗೆ ಸರಿಹೋಗುತ್ತೆ. ಇನ್ಮೇಲೆ ನೀನೇ ತಾನೆ ಇಲ್ಲೆಲ್ಲ ನೋಡ್ಕೋಬೇಕಾದೋಳು? ಪಾಪ, ನಿಮ್ಮಪ್ಪ ಒಂದು ಲೋಟಾನೂ ತೊಳ್ದೋನಲ್ಲ. ಅವನ ಕೆಲಸ ಅಂಥದ್ದು."

ಮಗಳು ಅದನ್ನು ತೆಗೆದುಕೊಂಡಳು. ರಬ್ಬರು ತಣ್ಣಗಿತ್ತು. ಒಳಗೆ ಅಮ್ಮನ ಮುಲಾಮಿನ ವಾಸನೆ. ಹಾಕಿಕೊಳ್ಳಲೆಂದು ಬಾಯಿ ಬಿಡಿಸಿದವಳು ಹಾಗೇ ನಿಂತಳು. ಅವಳು ಮೊದಲ ಸಂಬಳದಲ್ಲಿ ಅಮ್ಮನಿಗೆ ಕೊಟ್ಟಿದ್ದೂ ಇಂಥದ್ದೇ ಕೈಗವಸು. ಮೊಣಕೈವರೆಗೆ ಬರುವಂಥದ್ದು, ದೊಡ್ಡ ಅಂಗಡಿಯಲ್ಲಿ ಹುಡುಕಿ ತಂದಿದ್ದಳು. ಅಮ್ಮ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಇನ್ನು ಹತ್ತು ವರ್ಷ ನಂಗೆ ಚಿಂತೆ ಇಲ್ಲ," ಎಂದಿದ್ದಳು. ಅಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವನೊಮ್ಮೆ ಕೆಲಸದ ದಪ್ಪ ಕೈಗವಸನ್ನೇ ತಂದು, "ಅಮ್ಮ, ಇದು ಕರೆಂಟನ್ನೇ ತಡೆಯುತ್ತೆ, ಸೋಪನ್ನ ತಡೆಯಲ್ವಾ?" ಎಂದಿದ್ದ. ಆ ದಿನ ನಾಲ್ಕು ತಟ್ಟೆ ಒಡೆದವು, ಮನೆಯೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರೂ ತಂದುಕೊಟ್ಟವರೇ. ತಂದುಕೊಟ್ಟವರಲ್ಲಿ ಒಬ್ಬರೂ ಸಿಂಕಿನ ಮುಂದೆ ನಿಂತವರಲ್ಲ.

ಆ ಹೊತ್ತಿಗೆ ಅಪ್ಪ ಅಡುಗೆಮನೆಗೆ ಬಂದರು, ಹಿಂದೆಯೇ ಅಣ್ಣ.

"ಅವಳ ಫೋಟೋಗೆ ಸರಿಯಾದ ಅಳತೆಯ ಫ್ರೇಮು ಅಂಗಡೀಲಿಲ್ಲ," ಎಂದರು ಅಪ್ಪ. "ಇದು ಸರಿಹೋಗುತ್ತೆ." ಕೈಯೆತ್ತಿ ಸಿಂಕಿನ ಮೇಲಿನ ಗೋಡೆಯಿಂದ, ಮೂವತ್ತೊಂದು ವರ್ಷದಿಂದ ಅಲ್ಲೇ ಇದ್ದ ಡಾಕ್ಟರ ಚೀಟಿಯ ಫ್ರೇಮನ್ನು ತೆಗೆದರು. ಗೋಡೆಯ ಮೇಲೆ ಅಷ್ಟೇ ಅಗಲದ ಬಿಳಿ ಚೌಕ ಉಳಿಯಿತು.

* * *

ಆ ಡಾಕ್ಟರ ಬಳಿ ಹೋದಾಗ ಮಗಳಿಗೆ ಹನ್ನೊಂದು ವರ್ಷ. ಅವಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅಮ್ಮ ಕೈಯಲ್ಲೊಂದು ಅಚ್ಚು ಹಾಕಿದ ಹಾಳೆ ಹಿಡಿದು, ನಗುತ್ತ ಹೊರಬಂದಳು.

"ಏನಂದ್ರಮ್ಮ ಡಾಕ್ಟ್ರು?"

"ಇಸುಬು ಅಂತೆ. ಯಾರಿಗೂ ಅಂಟಲ್ವಂತೆ. ಆಮೇಲೆ ಏನೋ ಒಂದು ತಮಾಷೆ ಮಾಡಿದ್ರು."

ಏನು ತಮಾಷೆ ಎಂದು ಮಗಳು ಕೇಳಲಿಲ್ಲ. ಮನೆಯಲ್ಲಿ ಅಮ್ಮ ಹಾಳೆಯನ್ನು ಅಪ್ಪನ ಕೈಗಿಟ್ಟಳು. "ಪೂರ್ತಿ ಓದಿ," ಎಂದಷ್ಟೇ ಹೇಳಿದಳು. ಅಪ್ಪ ಓದಿದರು. ಮರುದಿನ ಸಂಜೆ ಅಂಗಡಿಯಿಂದ ಬರುವಾಗ ಅದಕ್ಕೆ ಒಳ್ಳೆಯ ಮರದ ಫ್ರೇಮು ಹಾಕಿ, ಆವಿ ತಾಗದಂತೆ ಗಾಜು ಕೂರಿಸಿ, ಸುತ್ತ ದಂತದ ಬಣ್ಣದ ರಟ್ಟಿನ ಅಂಚು ಕೊಟ್ಟು ತಂದರು. ಸಿಂಕಿನ ಮೇಲೆ ತಾವೇ ಮೊಳೆ ಹೊಡೆದರು. ಹೆಂಡತಿಯ ಕೈಗಾಗಿ ಅಷ್ಟು ಮಾಡಿದ ಗಂಡಸು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಅದರ ಮುಂದೆ ನಿಂತಿದ್ದಳು.

"ಮೇಲಿನದು ಒಳಗೆ ಹೋಯ್ತಲ್ರೀ."

"ಇದ್ದ ಫ್ರೇಮಿಗೆ ಅಷ್ಟೇ ಬಂತು. ಬೇಕಾದ್ದೆಲ್ಲ ಕಾಣುತ್ತಲ್ಲ?"

"ಕಾಣುತ್ತೆ," ಎಂದಳು ಅಮ್ಮ.

ಕಾಣುತ್ತಿದ್ದದ್ದು ಎರಡನೆಯದರಿಂದ. ಎರಡು, ನೀರು ಮುಟ್ಟುವ ಮೊದಲು ಉಂಗುರ ಬಳೆ ತೆಗೆಯಿರಿ. ಮೂರು, ಒಳಗೆ ಹತ್ತಿಯ, ಹೊರಗೆ ರಬ್ಬರಿನ ಕೈಗವಸು. ನಾಲ್ಕು, ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಐದು, ಬಿಸಿನೀರು ಬೇಡ, ಉಗುರುಬೆಚ್ಚಗಿರಲಿ. ಆರು, ಕೈಯನ್ನು ಉಜ್ಜಿ ಒರೆಸಬೇಡಿ, ಬಟ್ಟೆಯಿಂದ ಒತ್ತಿ. ಏಳು, ತಕ್ಷಣ ಮುಲಾಮು ಹಚ್ಚಿ. ಮಕ್ಕಳಿಬ್ಬರೂ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು: "ಎರಡು ಉಂಗುರ, ಮೂರು ಹತ್ತಿ, ನಾಲ್ಕು ಇಪ್ಪತ್ತು..." ಅಣ್ಣ ಒಂದೇ ಒಂದು ಸಲ "ಒಂದು ಎಲ್ಲಿ?" ಎಂದು ಕೇಳಿದ್ದ. "ಒಂದು ಅಂದ್ರೆ ಆಸ್ಪತ್ರೆ ಹೆಸರು," ಎಂದಿದ್ದರು ಅಪ್ಪ. ಆಮೇಲೆ ಯಾರೂ ಕೇಳಲಿಲ್ಲ.

ಅಮ್ಮ ಅಕ್ಷರ ತಪ್ಪದೆ ಪಾಲಿಸಿದಳು. ಉಂಗುರ ಬಿಚ್ಚಿ ಡಬ್ಬಿಯಲ್ಲಿಟ್ಟಳು, ಮತ್ತೆ ಹಾಕಿಕೊಳ್ಳಲಿಲ್ಲ. ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಅಲಾರಂ ಗಡಿಯಾರ ಬಂತು. ಇಪ್ಪತ್ತು ನಿಮಿಷಕ್ಕೆ ಅದು ಬಡಿದುಕೊಂಡರೆ ಅಮ್ಮ ಕೈಗವಸು ಕಳಚಿ, ಒಳಮೈ ಹೊರಗೆ ಮಾಡಿ ತಂತಿಗೆ ಹಾಕಿ, ಒಣಗಿದ್ದನ್ನು ತೊಟ್ಟು ಮತ್ತೆ ಶುರುಮಾಡುತ್ತಿದ್ದಳು. "ಡಾಕ್ಟರಮ್ಮ ಆಪರೇಷನ್ನಿಗೆ ಹೊರಟ್ರು," ಎನ್ನುತ್ತಿದ್ದರು ಅತ್ತೆ. ಅಲಾರಮ್ಮಿನಿಂದ ಅಪ್ಪನ ಮಧ್ಯಾಹ್ನದ ನಿದ್ದೆ ಕೆಡುತ್ತಿತ್ತು. ಅದಕ್ಕೆ ಅಮ್ಮ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿಟ್ಟಳು.

ಅಪ್ಪನ ಕೈ ಒದ್ದೆಯಾಗುವಂತಿರಲಿಲ್ಲ. ಅದು ಆ ಮನೆಯ ಕಾನೂನು. ಒದ್ದೆ ಕೈಯಿಂದ ಗಾಜು ಮುಟ್ಟಿದರೆ ಗುರುತು ಬೀಳುತ್ತದೆ, ಒಳಗೆ ತೇವ ಸೇರಿದರೆ ಫೋಟೋ ಹಾಳಾಗುತ್ತದೆ. ಅವರು ಗಾಜನ್ನು ಅಂಚಿನಲ್ಲೇ ಹಿಡಿಯುತ್ತಿದ್ದರು, ಬಾಯಿಯ ಆವಿ ಕೊಟ್ಟು ಹಳೆಯ ಪೇಪರಿನಿಂದ ಒರೆಸುತ್ತಿದ್ದರು. ಅವರು ಕಟ್ಟಿದ ಸಾವಿರಾರು ಫ್ರೇಮುಗಳಲ್ಲಿ ಒಂದರ ಮೇಲೂ ಬೆರಳ ಗುರುತಿಲ್ಲ ಎಂದು ಗಿರಾಕಿಗಳೇ ಹೇಳುತ್ತಿದ್ದರು.

* * *

ಅಪ್ಪ ಊಟದ ಮೇಜಿನ ಮೇಲೆ ಫ್ರೇಮನ್ನು ಮಗುಚಿ ಹಾಕಿ ಇಕ್ಕಳದಿಂದ ಹಿಂದಿನ ಮೊಳೆಗಳನ್ನು ಕಿತ್ತರು. ಮರಹಲಗೆ ಎದ್ದಿತು. ಗಾಜನ್ನು ಅಂಚು ಹಿಡಿದು ತೆಗೆದು, ಒರೆಸಿ, ಪಕ್ಕಕ್ಕಿಟ್ಟರು. ರಟ್ಟಿಗೆ ಅಂಟಿಕೊಂಡಿದ್ದ ಹಾಳೆ ಕಳಚಿ ನೆಲಕ್ಕೆ ಬಿತ್ತು.

ಅಣ್ಣ ಎತ್ತಿಕೊಂಡ. ಎತ್ತಿದವನು ಹಾಗೇ ನಿಂತ. ಬೆಳಕು ಕಂಡ ಭಾಗ ಹಳದಿಗಟ್ಟಿತ್ತು. ರಟ್ಟಿನಡಿ ಅಡಗಿದ್ದ ಮೇಲಿನ ಎರಡಂಗುಲ ಹೊಸ ಕಾಗದದಂತೆ ಬೆಳ್ಳಗಿತ್ತು. ಅಲ್ಲಿನ ಸಾಲುಗಳ ಕೆಳಗೆ ಯಾರೋ ಕೆಂಪು ಪೆನ್ನಿನಿಂದ ಎರಡೆರಡು ಗೆರೆ ಎಳೆದಿದ್ದರು.

"ಓದೋ, ಏನದು?" ಎಂದಳು ಮಗಳು.

"'ಒಂದು,'" ಎಂದು ಅಣ್ಣ ಓದಿದ. "'ಕೈ ಪೂರ್ತಿ ವಾಸಿಯಾಗುವವರೆಗೆ, ಕನಿಷ್ಠ ಆರು ವಾರ, ನೀರಿನ ಕೆಲಸವನ್ನೆಲ್ಲ ಮನೆಯ ಬೇರೆಯವರು ಮಾಡಬೇಕು. ಇದು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಕೆಳಗಿನವು.'"

ನಲ್ಲಿಯಿಂದ ಒಂದೊಂದೇ ಹನಿ ಲೋಟಗಳ ಮೇಲೆ ಬೀಳುತ್ತಿತ್ತು. ಇಸ್ತ್ರಿ ಅಂಗಡಿಯಾಕೆ ಪೊಟ್ಟಣವನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಒರಗಿದಳು.

"ಇದಾ ಅಪ್ಪ ಆಸ್ಪತ್ರೆ ಹೆಸರು?" ಎಂದ ಅಣ್ಣ.

"ಅಳತೆಗೆ ಅಷ್ಟೇ ಬಂತು ಆವತ್ತು."

"ನಿನ್ನದು ಫ್ರೇಮಿನ ಅಂಗಡಿ ಅಪ್ಪ," ಎಂದಳು ಮಗಳು. "ದೊಡ್ಡದೊಂದು ಇರ್ಲಿಲ್ವಾ ಅಲ್ಲಿ?"

ಅಪ್ಪ ಇಕ್ಕಳವನ್ನು ಮೇಜಿನ ಮೇಲಿಟ್ಟರು. ತಿರುಗಿಸಿಟ್ಟರು. ಮತ್ತೆ ಎತ್ತಿಕೊಂಡರು.

"ಓದಿದ್ದೆ," ಎಂದರು. "ಆಗದ ಮಾತು ಅನ್ನಿಸ್ತು. ದಿನಾ ಕಣ್ಣಿಗೆ ಬಿದ್ರೆ ಅವಳಿಗೂ ಸುಮ್ನೆ ಸಂಕಟ ಅಂತ..."

"ಅವಳಿಗಾ?" ಎಂದ ಅಣ್ಣ.

ಅಪ್ಪ ಇಕ್ಕಳ ಇಟ್ಟು, ಒರೆಸಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು.

"ಆರೇ ವಾರ," ಎಂದಳು ಮಗಳು. "ಡಾಕ್ಟ್ರು ತಮಾಷೆ ಮಾಡಿದ್ರು ಅಂತ ಅಮ್ಮ ನಕ್ಕಿದ್ದು ಇದಕ್ಕೇ. ನಂಗೂ ಆಗ ಹನ್ನೊಂದು ವರ್ಷ. ಸ್ಟೂಲು ಹಾಕ್ಕೊಂಡಿದ್ರೆ ನಲ್ಲಿ ಎಟುಕ್ತಿತ್ತು. ಇವನಿಗೆ ಹದಿನಾಲ್ಕು. ಎರಡರಿಂದ ಶುರುವಾಗೋ ಲೆಕ್ಕಾನ ಮೂವತ್ತೊಂದು ವರ್ಷ ನಾವೆಲ್ಲ ಸೇರಿ ಓದಿದ್ವಿ."

"ಲೇ, ಇವತ್ತು ಬೇಡ ಇದೆಲ್ಲ," ಎಂದರು ಅತ್ತೆ. "ಹೆಣ ಇದೆ ಮನೇಲಿ."

"ಅದಕ್ಕೇ ಇವತ್ತು. ನಾಳೆ ಇರಲ್ಲ."

ಮಗಳು ಕೈಯಲ್ಲಿದ್ದ ನೀಲಿ ರಬ್ಬರನ್ನು ಸಿಂಕಿನ ಅಂಚಿಗೆ ಎಸೆದು ಮುಂದಿನ ಕೋಣೆಗೆ ನಡೆದಳು. ಹಾಳೆ ಹಿಡಿದೇ ಅಣ್ಣ, ಪೊಟ್ಟಣ ಹಿಡಿದೇ ಇಸ್ತ್ರಿಯವಳು, ಏನಾಗುತ್ತದೋ ಎಂದು ಅತ್ತೆ, ಮೂವರೂ ಹಿಂದೆ ಬಂದರು. ಕೋಣೆ ತುಂಬ ಜನ.

"ಸ್ವಲ್ಪ ಜರುಗಿ. ಒಳಗೆ ಜರುಗಿ, ದಾರಿ ಬಿಡಿ," ಎಂದಳು ಮಗಳು. ಬಸ್ಸಿನ ದನಿ ತಾನಾಗಿ ಬಂದಿತ್ತು. ಜನ ಬಸ್ಸಿನಲ್ಲಿ ಜರುಗುವ ಹಾಗೆಯೇ ಜರುಗಿದರು.

ಮಂಚದ ಅಂಚಿನಲ್ಲಿ ಕೂತು ಅವಳು ಎಡಗೈಯ ಕೈಗವಸನ್ನು ಎಳೆದಳು. ತುದಿಯಿಂದ ಎಳೆದರೆ ಬರಲಿಲ್ಲ. ಅಮ್ಮ ಬಿಚ್ಚುತ್ತಿದ್ದ ಹಾಗೆ ಮಣಿಕಟ್ಟಿನಿಂದ ಮಡಚಿ ಒಳಮೈ ಹೊರಗೆ ಮಾಡಿದಳು, ಸಲೀಸಾಗಿ ಬಂತು. ಬಲಗೈಯದೂ ಬಂತು. ಎರಡು ಕೈಗಳನ್ನೂ ಹೊದಿಕೆಯ ಮೇಲೆ, ಅಂಗೈ ಮೇಲಾಗಿ ಇಟ್ಟಳು.

ಇಸ್ತ್ರಿ ಅಂಗಡಿಯಾಕೆ ಮುಂದೆ ಬಂದು ಬಗ್ಗಿದಳು. ಒಂದು ಕೈಯನ್ನು ಎತ್ತಿಕೊಂಡು, ಇಸ್ತ್ರಿಯಾದ ಬಟ್ಟೆಯಲ್ಲಿ ಎಲ್ಲಾದರೂ ಮುದುರು ಉಳಿದಿದೆಯೇ ಎಂದು ನೋಡುವವಳಂತೆ ಬೆಳಕಿಗೆ ಹಿಡಿದು ಹಿಂದು ಮುಂದು ತಿರುಗಿಸಿದಳು. ಹೆಬ್ಬೆರಳಿನಿಂದ ಗೆಣ್ಣುಗಳನ್ನು ಒಂದೊಂದಾಗಿ ಸವರಿದಳು.

"ಅಯ್ಯೋ ಮಹರಾಯ್ತಿ," ಎಂದಳು, ಸತ್ತವಳಿಗೇ. "ಇಂಥ ಕೈ ಇಟ್ಕೊಂಡು, ತೋರಿಸ್ದೇ ಹೋಗ್ತಿದ್ಯಲ್ಲೇ!"

"ತೋರಿಸ್ಬೇಕು ಅಂತಿದ್ಲು," ಎಂದಳು ಮಗಳು. "ಮೊದಲು ನಿಮಗೇ."

ಹಿಂದಿನಿಂದ ಯಾರೋ, "ಗ್ಲೌಸಮ್ಮನ ಕೈಯೇ ಅದು?" ಎಂದರು. ಒಬ್ಬೊಬ್ಬರಾಗಿ ಹತ್ತಿರ ಬಂದು ನೋಡತೊಡಗಿದರು. ಕೆಲವರು ಮುಟ್ಟಿದರು. ಎಲ್ಲರ ಹಿಂದೆ ನಿಂತಿದ್ದ ಅತ್ತೆಗೂ ಸರದಿ ಬಂತು. ಅವರು ಕಿಟಕಿಯ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಕೊನೆಗೆ ನೋಡಬೇಕಾದ್ದನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಯಾವ ಔಷಧಿ ಹಾಕಿದ್ರು ಇದಕ್ಕೆ?" ಎಂದರು ಮೆಲ್ಲಗೆ.

"ಯಾವುದೂ ಇಲ್ಲ ಅತ್ತೆ. ಐದು ವಾರ ಪಾತ್ರೆ ತೊಳೀಲಿಲ್ಲ, ಅಷ್ಟೆ."

ಆಗ ಅಡುಗೆಮನೆಯಿಂದ ನೀರಿನ ಸದ್ದು ಕೇಳಿಸಿತು. ನಲ್ಲಿ ಪೂರ್ತಿ ತಿರುಗಿಸಿದ ಸದ್ದು. ಒಂದು ಲೋಟ ಕೈಜಾರಿ ಸಿಂಕಿಗೆ ಬಿತ್ತು, ಮತ್ತೊಂದು ಬಿತ್ತು. ಅತ್ತೆ ಹೋಗಿ ಬಾಗಿಲಲ್ಲಿ ಇಣುಕಿದರು.

"ಲೋ, ಏನೋ ಇದು! ಬಿಡೋ, ನಾನು ಮಾಡ್ತೀನಿ. ಆ ಗ್ಲೌಸಾದ್ರೂ ಹಾಕ್ಕೊಳೋ."

ಅಪ್ಪ ತಿರುಗಲಿಲ್ಲ. ತೋಳು ಮಡಚಿರಲಿಲ್ಲ, ಅಂಗಿ ಮೊಣಕೈವರೆಗೆ ತೊಯ್ದು ಮೈಗೆ ಅಂಟಿತ್ತು. ಸೋಪು ಹೆಚ್ಚಾಗಿ ನೊರೆ ಸಿಂಕಿನಿಂದ ಹೊರಗೆ ಉಕ್ಕುತ್ತಿತ್ತು. ಒಂದು ಲೋಟವನ್ನು ತೊಳೆದದ್ದನ್ನೇ ತೊಳೆಯುತ್ತಿದ್ದರು. ನೀಲಿ ಕೈಗವಸು ಅವರ ಪಕ್ಕದಲ್ಲೇ ಬಿದ್ದಿತ್ತು, ಮುಟ್ಟಿರಲಿಲ್ಲ. ಅಣ್ಣ ಹೋಗಿ ಆ ಹಾಳೆಯನ್ನು ಗೋಡೆಯ ಬಿಳಿ ಚೌಕದಲ್ಲಿದ್ದ ಹಳೆಯ ಮೊಳೆಗೆ ಚುಚ್ಚಿದ. ಆಮೇಲೆ ಒರೆಸುವ ಬಟ್ಟೆ ತೆಗೆದುಕೊಂಡು ಅಪ್ಪನ ಪಕ್ಕ ನಿಂತ.

ಬಂದವರ ಲೋಟಗಳು ಬರುತ್ತಲೇ ಇದ್ದವು, ಅಪ್ಪ ಸಿಂಕು ಬಿಟ್ಟು ಕದಲಲಿಲ್ಲ. ಮೂರಕ್ಕೆ ಐದು ನಿಮಿಷವಿರುವಾಗ ಗಾಡಿ ಬೀದಿಯ ತಿರುವಿನಲ್ಲಿ ಹಾರನ್ ಮಾಡಿತು.

"ಫೋಟೋ, ಫೋಟೋ," ಎಂದು ಯಾರೋ ಕೂಗಿದರು. ಅಪ್ಪ ಮೇಜಿನ ಬಳಿ ಬಂದರು. ಫೋಟೋದಲ್ಲಿ ಅಮ್ಮ ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಕೈ. ರಟ್ಟಿನ ಅಂಚು ಕೊಟ್ಟರೆ ಮುಖ, ಹೆಗಲು ಮಾತ್ರ ಕಾಣುತ್ತಿತ್ತು. ಅಪ್ಪ ರಟ್ಟನ್ನು ಪಕ್ಕಕ್ಕೆ ಸರಿಸಿದರು. ಫೋಟೋವನ್ನು ಇದ್ದಷ್ಟೂ ಕಾಣುವಂತೆ ಕೂರಿಸಿ, ಹಲಗೆ ಒತ್ತಿ, ಮೊಳೆಗಳನ್ನು ಬಗ್ಗಿಸಿದರು. ಕೈ ಒರೆಸಿಕೊಳ್ಳಲು ಮರೆತಿದ್ದರು. ಫ್ರೇಮನ್ನು ತಿರುಗಿಸಿ ಎತ್ತಿದಾಗ ಗಾಜಿನ ಮೇಲೆ, ಅಮ್ಮನ ಮಡಿಲಿನ ಮೇಲೇ, ಐದು ಒದ್ದೆ ಬೆರಳುಗಳು ಹಾಗೆಯೇ ಮೂಡಿದ್ದವು.

"ಕೊಡಪ್ಪ, ಒರೆಸ್ತೀನಿ," ಎಂದು ಅಣ್ಣ ಹಳೆಯ ಪೇಪರ್ ಹಿಡಿದು ಕೈ ಚಾಚಿದ.

ಅಪ್ಪ ಕೊಡಲಿಲ್ಲ. ಫ್ರೇಮನ್ನು ಎದೆಗೆ ಹಿಡಿದುಕೊಂಡು ಹೊರಗೆ ನಡೆದರು. ಬಾಗಿಲ ಬಿಸಿಲಿಗೆ ಗಾಜು ಹೊಳೆಯಿತು, ಗುರುತುಗಳಿಂದ ನೀರು ಸಣ್ಣಗೆ ಕೆಳಕ್ಕೆ ಇಳಿಯುತ್ತಿತ್ತು.